ಎರಡು ಊರು, ಇಬ್ಬರು ತಂದೆಯರು

ಊಟಿಗೋ ವಯನಾಡಿಗೋ ಹೊರಟ ಸಂಸಾರಗಳು ಗುಂಡ್ಲುಪೇಟೆಯಲ್ಲಿ ಇಳಿದು, ಕಾಫಿ ಕುಡಿದು ಮುಂದೆ ಸಾಗುವುದು ರೂಢಿ. ಅಲ್ಲಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ ಚಾಮರಾಜನಗರವಿದೆ. ಈ ಎರಡು ಊರುಗಳಿಗೂ ಒಂದು ಸೋಜಿಗದ ಸಾಮ್ಯವುಂಟು. ಎರಡರಲ್ಲಿಯೂ ಮೈಸೂರಿನ ಅರಸರೊಬ್ಬರು ತಮ್ಮ ತಂದೆಯ ಸ್ಮರಣೆಗಾಗಿ ದೇಗುಲವನ್ನು ಕಟ್ಟಿಸಿದರು. ಆ ತಂದೆಯರಲ್ಲಿ ಒಬ್ಬರು ಸಿಂಹಾಸನವನ್ನು ಏರಲೇ ಇಲ್ಲ. ಇನ್ನೊಬ್ಬರು ಏರಿಯೂ ಆಳಲಿಲ್ಲ!

ಮೊದಲು ಗುಂಡ್ಲುಪೇಟೆಯ ಕಥೆ. ಅದರ ಪ್ರಾಚೀನ ನಾಮ ವಿಜಯಪುರ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಪಟ್ಟ ದೇವರಾಜ ಒಡೆಯರಿಗೆ ದೊರೆಯಿತು. ಅವರ ಅಣ್ಣ ದೊಡ್ಡದೇವರಾಜರಿಗೆ ಆ ಭಾಗ್ಯ ಬರಲಿಲ್ಲ. ಅಣ್ಣನ ಮಗ ಚಿಕ್ಕದೇವರಾಜರನ್ನು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿರಿಸಲಾಯಿತು. ಆ ದಿನಗಳಲ್ಲಿ ಅವರಿಗೆ ಜೊತೆಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. 1673ರಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟವೇರಿದಾಗ ಈ ಗೆಳೆಯನೇ ಮಂತ್ರಿಯಾದನು. ತಂದೆ ಕೊನೆಯುಸಿರೆಳೆದ ಗುಂಡ್ಲುಪೇಟೆಯನ್ನು ಮಗನು ಮರೆಯಲಿಲ್ಲ. ಅಲ್ಲಿ ಕೋಟೆ ಎದ್ದಿತು. ತಂದೆಯ ಹೆಸರಿನಲ್ಲಿ ಪರವಾಸುದೇವನ ಆಲಯ ನಿರ್ಮಾಣವಾಯಿತು.

ಇನ್ನು ಚಾಮರಾಜನಗರ. ಅದು ಹಿಂದೆ ‘ಅರಿಕುಠಾರ’ ಎಂಬ ಗ್ರಾಮ. ಹಗೆಗಳಿಗೆ ಕೊಡಲಿಯಂತಿರುವುದು ಎಂದು ಆ ಮಾತಿನ ಅರ್ಥ. 1776ರಲ್ಲಿ ಮೈಸೂರಿನ ಅರಸರು ತೀರಿಕೊಂಡಾಗ, ರಾಜ್ಯದ ಸೂತ್ರ ಹಿಡಿದಿದ್ದ ಹೈದರಾಲಿಗೆ ಹೆಸರಿಗೊಬ್ಬ ಅರಸ ಬೇಕಾಗಿತ್ತು. ಆತನು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಸೇರಿಸಿ ಹಣ್ಣು, ಮಿಠಾಯಿ, ಆಟಿಕೆ, ಆಯುಧಗಳನ್ನು ಹರಡಿಸಿದನಂತೆ. ಉಳಿದ ಮಕ್ಕಳು ತಿಂಡಿಗೂ ಆಟಿಕೆಗೂ ಮುಗಿಬಿದ್ದರೆ, ಒಂದು ಕೂಸು ಪುಟ್ಟ ಕಠಾರಿಯನ್ನು ಕೈಗೆತ್ತಿಕೊಂಡಿತು. ‘ಇವನೇ ರಾಜ’ ಎಂದು ಹೈದರನು ನಿರ್ಧರಿಸಿದನೆಂದು ಚರಿತ್ರಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಆ ಕೂಸೇ 1774ರಲ್ಲಿ ಅರಿಕುಠಾರದಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರು.

ಕಠಾರಿ ಹಿಡಿದ ಆ ಕೈಗೆ ಅಧಿಕಾರ ಎಂದೂ ಬರಲಿಲ್ಲ. ಹೈದರನ ಕಾಲವೂ ಟಿಪ್ಪುವಿನ ಕಾಲವೂ ಹಾಗೆಯೇ ಕಳೆದು, 1796ರಲ್ಲಿ ಚಾಮರಾಜರು ತೀರಿಕೊಂಡರು. ಟಿಪ್ಪು ಬೇರೊಬ್ಬ ಅರಸನನ್ನು ಕೂರಿಸಲಿಲ್ಲ. ರಾಜಕುಟುಂಬ ಅರಮನೆಯನ್ನು ಬಿಟ್ಟು ಬಡತನದಲ್ಲಿ ಬಾಳಿತು. ಆಗ ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. 1799ರಲ್ಲಿ, ಐದನೆಯ ವಯಸ್ಸಿಗೆ ಸಿಂಹಾಸನವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರೇ ಆ ಮಗ.

ತಂದೆಯ ಮುಖವೂ ನೆನಪಿನಲ್ಲಿ ಉಳಿದಿರಲಾರದ ಮಗ, 1818ರಲ್ಲಿ ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರನ್ನೇ ಇಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅಲ್ಲಿ ಶಿವನಿಗೆ ತಂದೆಯ ಹೆಸರು. ದೇವಿಗೆ ತಾಯಿ ಕೆಂಪನಂಜಮ್ಮಣ್ಣಿಯವರ ನೆನಪಿಗೆ ಕೆಂಪನಂಜಾಂಬೆಯೆಂಬ ಹೆಸರು. ಚಾಮರಾಜರು ಜನಿಸಿದ ಸ್ಥಳದಲ್ಲಿ ಜನನ ಮಂಟಪವಿದೆ. ಆಷಾಢದಲ್ಲಿ ಹೊಸ ದಂಪತಿಗಳು ಅಗಲಿರಬೇಕೆಂಬುದು ನಾಡಿನ ವಾಡಿಕೆ; ಇಲ್ಲಿಯ ತೇರಾದರೋ ಆಷಾಢದಲ್ಲಿಯೇ, ಅದೂ ನವದಂಪತಿಗಳಿಗೆ ಮೀಸಲಾದ ಹಬ್ಬವೆಂಬಂತೆ! 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ನಿಂತುಹೋಗಿದ್ದ ಉತ್ಸವ, 2022ರಲ್ಲಿ ಹೊಸ ರಥದೊಡನೆ ಮರಳಿತು.

ಗುಂಡ್ಲುಪೇಟೆಯ ಅದೃಷ್ಟ ಬೇರೆ. ಕೋಟೆ ಹಾಳುಬಿದ್ದಿತು, ಊರು ಅತ್ತ ಸರಿಯಿತು. ಪರವಾಸುದೇವನ ಉತ್ಸವಮೂರ್ತಿಯನ್ನು ವಿಜಯನಾರಾಯಣ ಸ್ವಾಮಿಯ ಗುಡಿಗೆ ಕೊಂಡೊಯ್ಯಲಾಯಿತು. ಆಲಯವು ಬಹುಕಾಲ ದೀಪವಿಲ್ಲದೆ ನಿಂತಿತು. ಮೈಸೂರಿನ ಬಲಿಷ್ಠ ದೊರೆಗಳಲ್ಲೊಬ್ಬರು ತಂದೆಗಾಗಿ ಕಟ್ಟಿಸಿದ ಕಲ್ಲಿನ ಗುಡಿಯ ಗತಿ ಇದು. ಒಂದು ಹಳ್ಳಿಯನ್ನೂ ಸ್ವತಂತ್ರವಾಗಿ ಆಳದ ಚಾಮರಾಜರ ಹೆಸರು ಮಾತ್ರ, 1997ರಿಂದ ಒಂದು ಇಡೀ ಜಿಲ್ಲೆಗೇ ಸಂದಿದೆ. ಗುಂಡ್ಲುಪೇಟೆಯೂ ಅದೇ ಜಿಲ್ಲೆಯ ತಾಲ್ಲೂಕು!