ಉಜ್ಜುವ ಕೈಗೂ ಸನ್ಮಾನವಿರಲಿ

ತರಗತಿಯಲ್ಲಿ ನಾನು ಕಲಿಸಿದ ಪ್ರತಿಫಲನದ ನಿಯಮ ಕ್ಷ-ಕಿರಣಕ್ಕೂ ಅನ್ವಯಿಸುತ್ತದೆ; ಕನ್ನಡಿ ಮಾತ್ರ ಬೇರೆ. ನೇರವಾಗಿ ಬಿದ್ದ ಕ್ಷ-ಕಿರಣ ಕನ್ನಡಿಯೊಳಕ್ಕೆ ನುಗ್ಗಿ ಅಲ್ಲಿಯೇ ಹೀರಿಹೋಗುತ್ತದೆ. ಮೈಯನ್ನು ಸವರಿದಂತೆ, ಒಂದು ಡಿಗ್ರಿಯ ಆಸುಪಾಸಿನ ಕೋನದಲ್ಲಿ ಬಂದರೆ (ಮೈಯಿಂದ ಅಳೆದ ಕೋನ, ಲಂಬದಿಂದಲ್ಲ!) ಕೆರೆಯ ಮೇಲೆ ಬೀಸಿ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿಯುತ್ತದೆ. ಆದುದರಿಂದ ಈ ಕನ್ನಡಿಗೆ ತಟ್ಟೆಯ ಆಕಾರವಲ್ಲ, ಕೊಳವೆಯ ಆಕಾರ.

ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರ ಜುಲೈನಲ್ಲಿ ಅಮೆರಿಕದಿಂದ ಹಾರಿದ ‘ಚಂದ್ರಾ’ ದೂರದರ್ಶಕದಲ್ಲಿ ಇಂತಹ ನಾಲ್ಕು ಜೊತೆ ಗಾಜಿನ ಕೊಳವೆಗಳು ಒಂದರೊಳಗೊಂದು ಕುಳಿತಿವೆ. ಅತಿ ದೊಡ್ಡದರ ವ್ಯಾಸ 1.2 ಮೀಟರ್, ಮೇಲೆ ಇರಿಡಿಯಂ ಲೇಪ. ಮೈಯ ಉಬ್ಬುತಗ್ಗು ಕೆಲವೇ ಪರಮಾಣುಗಳಷ್ಟು. ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು, ಹೀಗೆ ವರ್ಷಗಟ್ಟಲೆ ನಡೆದ ಕೆಲಸವದು. ಅದರ ಫಲ ಅರ್ಧ ಆರ್ಕ್‌ಸೆಕೆಂಡಿನ ಸ್ಪಷ್ಟತೆ.

2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿಯೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ರೂಪಿಸಿದ ಕ್ಷ-ಕಿರಣ ದೂರದರ್ಶಕವಿದೆ. ಅದರ ಕನ್ನಡಿಗಳು ಚಿನ್ನ ಲೇಪಿಸಿದ ತೆಳು ಅಲ್ಯೂಮಿನಿಯಂ ಹಾಳೆಗಳು. ಹಗುರವಾದವು, ಆದರೆ ನೋಟ ಆರ್ಕ್‌ಮಿನಿಟುಗಳ ಲೆಕ್ಕದ್ದು. ನಾನದನ್ನು ಹೀಗಳೆಯಲಾರೆ. ಮುಂದಿನ ಮೆಟ್ಟಿಲಿಗೆ ಗಾಜನ್ನು ಆ ಮಟ್ಟಕ್ಕೆ ಉಜ್ಜಬಲ್ಲ ಕೈಗಳು ಬೇಕು. ಅವು ಎಲ್ಲಿಂದ ಬರಬೇಕು? ವೃತ್ತಿಶಿಕ್ಷಣದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎರವಲು ಪಡೆಯುವುದು ನಾನು ಕಂಡ ವಾಡಿಕೆ. ಐಟಿಐ ಸೇರಿದವನ ಹೆಸರು ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿದ್ದುದನ್ನು ನಾನೆಂದೂ ನೋಡಲಿಲ್ಲ. ಹಳೆಯ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತುವವನಿದ್ದೇನೆ. ಆಕ್ಷೇಪವಿದ್ದವರು ಅಲ್ಲಿಯೇ ಹೇಳಿರಿ.