ಮುಂಗುಸಿಗೆ ವಿಷ ಇಡೋ ಮೊದಲು ನಿಮ್ಮ ಕೋಳಿಗೆ ಬೇಲಿ ಹಾಕಿ

ಇವತ್ತಿನ ಬರಹ ಉದ್ದ ಇದೆ, ಸ್ವಲ್ಪ ಖಾರಾನೂ ಇದೆ. ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಮನೆಗೇ ಬಂದು ಬೈಯ್ರಿ, ಕಾಫಿ ಕೊಟ್ಟು ಬೈಸ್ಕೊತೀನಿ.

ಹೋದ ಮಂಗಳವಾರ ನಮ್ಮ ಕರಿಯನನ್ನ ತೋಟದ ಮೂಲೇಲಿ ಹೂತೆ. ಒಂಬತ್ತು ವರ್ಷದ ನಾಯಿ. ಬೆಳಿಗ್ಗೆ ಹಾಲು ಕರೆಯೋ ಹೊತ್ತಿಗೆ ಬಾಯಲ್ಲಿ ನೊರೆ ಸುರಿಸ್ಕೊಂಡು, ಕಾಲು ಅದುರಿಸ್ಕೊಂಡು ಕೊಟ್ಟಿಗೆ ಮುಂದೆ ಬಿದ್ದಿತ್ತು. ಪಶು ಡಾಕ್ಟ್ರಿಗೆ ಫೋನ್ ಮಾಡಿ, ಅವರು ಬರೋ ಅಷ್ಟರಲ್ಲಿ ಮುಗಿದು ಹೋಗಿತ್ತು. ಪಕ್ಕದ ತೋಟದವನು ಮುಂಗುಸಿಗೆ ಅಂತ ಮೊಟ್ಟೆಗೆ ತೂತು ಮಾಡಿ, ಒಳಗೆ ಬಾಳೆ ಬುಡಕ್ಕೆ ಹಾಕೋ ಗುಳಿಗೆ ವಿಷ ತುಂಬಿ ಬದುವಿನ ಮೇಲೆ ಇಟ್ಟಿದ್ದ. ಮುಂಗುಸಿ ತಿಂತೋ ಇಲ್ವೋ ಗೊತ್ತಿಲ್ಲ, ನಮ್ಮ ಕರಿಯ ತಿಂದ.

ಜಗಳಕ್ಕೆ ಅಂತಾನೇ ಹೋದೆ. ಅವನು ತಲೆ ತಗ್ಗಿಸಿ ಒಂದೇ ಮಾತು ಹೇಳಿದ: 'ಅಣ್ಣಾ, ಹೋದ ವರ್ಷ ಹೊಸತೊಡಕಿನ ದಿವಸ ಈ ಉಪಾಯ ಹೇಳ್ಕೊಟ್ಟಿದ್ದು ನೀನೇ ಅಲ್ವಾ?'

ನನ್ನ ಬಾಯಿ ಕಟ್ಟಿ ಹೋಯ್ತು. ಹೌದು, ನಾನೇ ಹೇಳಿದ್ದೆ. ಊಟಕ್ಕೆ ಕೂತಾಗ ಕೋಳಿ ಕಳ್ಕೊಂಡ ಸಿಟ್ಟಲ್ಲಿ ಬಾಯಿಗೆ ಬಂದದ್ದು ಹೇಳಿದ್ದೆ. ನಾನು ವಿಷ ಇಡಲಿಲ್ಲ, ದೀಪಾವಳಿ ಆದ ಮೇಲೆ ಬೇಲಿ ಕಟ್ಟಿಕೊಂಡೆ. ಆದ್ರೆ ಆಡಿದ ಮಾತು ವಾಪಸ್ ತಗೊಳ್ಳಲಿಲ್ಲ. ಇವತ್ತು ತಗೊಳ್ತಾ ಇದ್ದೀನಿ, ಎಲ್ಲರ ಮುಂದೆ.

ಈಗ ನೇರವಾಗಿ ಹೇಳ್ತೀನಿ. ಕೋಳಿ ಹೋದ್ರೆ ತಪ್ಪು ಮುಂಗುಸಿದಲ್ಲ, ನಾಯಿದಲ್ಲ, ಹದ್ದಿಂದೂ ಅಲ್ಲ. ತಪ್ಪು ನಮ್ಮದು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು 'ಹೋಗ್ರಮ್ಮಾ, ದೇವರೇ ಕಾಯ್ತಾನೆ' ಅಂತ ಬಿಟ್ಟು, ನಾವು ಅಡಿಕೆ ತೋಟಕ್ಕೆ ಹೋಗ್ತೀವಿ. ಮಧ್ಯಾಹ್ನ ಬಂದು ಪುಕ್ಕ ನೋಡಿ ಎದೆ ಬಡ್ಕೊತೀವಿ. ಮುಂಗುಸಿಗೆ ಏನು ಗೊತ್ತು ಇದು ಯಾರ ಮನೆ ಕೋಳಿ ಅಂತ? ಅದೇ ಮುಂಗುಸಿ ನಮ್ಮ ತೋಟದಲ್ಲಿ ಇಲಿ ಹಿಡೀತದೆ, ಹಾವು ಹಿಡೀತದೆ, ಅದಕ್ಕೆ ನಾವು ಯಾರೂ ಕೂಲಿ ಕೊಟ್ಟಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಕೊಲ್ಲೋದು ಅಪರಾಧ ಅನ್ನೋದೂ ನೆನಪಿರಲಿ. ವಿಷಕ್ಕೆ ಮುಂಗುಸಿ ಯಾವುದು, ನಾಯಿ ಯಾವುದು, ಮೊಟ್ಟೆ ಸಿಕ್ತು ಅಂತ ಎತ್ತಿಕೊಂಡು ಬರೋ ಮಗು ಯಾವುದು ಅನ್ನೋ ಭೇದ ಇಲ್ಲ.

ವಿಷಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಕರೆಂಟ್ ತಂತಿ. ಮೋಟ್ರು ಲೈನಿಂದ ನೇರ ವೈರ್ ಎಳೆದು ಹಿತ್ತಲ ಬೇಲಿಗೆ ಕೊಟ್ಟವರನ್ನ ನಾನು ಕಣ್ಣಾರೆ ನೋಡಿದ್ದೀನಿ. 'ರಾತ್ರಿ ಮಾತ್ರ ಕಣಣ್ಣಾ, ಬೆಳಿಗ್ಗೆ ಫ್ಯೂಸ್ ತೆಗೀತೀನಿ' ಅಂತಾರೆ. ಒಂದು ದಿವಸ ಫ್ಯೂಸ್ ತೆಗೆಯೋದು ಮರೆತ್ರೆ? ಬೇಲಿಗೆ ಕರೆಂಟ್ ಕೊಟ್ಟು ಮನೆಯವರನ್ನೇ ಕಳ್ಕೊಂಡ ಸುದ್ದಿ ಪೇಪರಲ್ಲಿ ಓದ್ತಾನೇ ಇರ್ತೀವಿ. ಸೋಲಾರ್ ಬೇಲಿ ಬೇರೆ. ಅದರಲ್ಲಿ ಮೆಷಿನ್ನು ಬಿಟ್ಟು ಬಿಟ್ಟು ಹೊಡೆಯೋ ಸಣ್ಣ ಏಟು, ಮುಟ್ಟಿದ್ದು ಹೆದರಿ ಹಿಂದಕ್ಕೆ ಹೋಗ್ತದೆ. ಮೋಟ್ರು ಲೈನಿನದು ಹಿಡಿದ್ರೆ ಬಿಡೋದಿಲ್ಲ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಬೇಲಿ ಹಾಕಿ ಅಂದ ತಕ್ಷಣ ಮೂರು ಮಾತು ಬರ್ತವೆ.

ಒಂದು, 'ನಮ್ಮಜ್ಜಿ ಕಾಲದಲ್ಲಿ ಯಾವ ಬೇಲಿ ಇತ್ತು?' ಇತ್ತು ಸ್ವಾಮಿ. ಹಿತ್ತಲ ಸುತ್ತ ಕಳ್ಳಿ, ಕತ್ತಾಳೆ ಇತ್ತು. ಸಂಜೆ ಅಜ್ಜಿ ಒಂದೊಂದೇ ಕೋಳಿ ಎಣಿಸಿ ಮಂಕರಿ ಕವುಚಿ, ಮೇಲೆ ಕಲ್ಲು ಇಡೋಳು. ಹಗಲೆಲ್ಲಾ ಮನೇಲಿ ಒಬ್ಬರಲ್ಲ ಒಬ್ಬರು ಇರೋರು, ಹದ್ದು ಸುತ್ತಿದ್ರೆ ಕೂಗೋರು. ಈಗ ಕಳ್ಳಿ ಕಿತ್ತು ಕಾಂಪೌಂಡ್ ಅರ್ಧ ಕಟ್ಟಿ ನಿಲ್ಲಿಸಿದ್ದೀವಿ, ಮನೆಗೆ ಬೀಗ ಹಾಕಿರ್ತೀವಿ. ಅಜ್ಜಿಯ ಎಚ್ಚರ ಬಿಟ್ಟು, ಅಜ್ಜಿಯ ಹೆಸರು ಮಾತ್ರ ಇಟ್ಕೊಂಡಿದ್ದೀವಿ.

ಎರಡು, 'ಕಟ್ಟಿಹಾಕಿದ್ರೆ ನಾಟಿ ರುಚಿ ಹೋಗ್ತದೆ.' ನಾನು ಪಂಜರದಲ್ಲಿ ಇಡಿ ಅಂದೆನಾ? ನನ್ನ 12 ಹೇಂಟೆ, ಒಂದು ಹುಂಜಕ್ಕೆ 20 ಅಡಿಗೆ 20 ಅಡಿ ಜಾಗ ಇದೆ. ಕೆರೀತವೆ, ಹುಳ ಹೆಕ್ಕುತ್ತವೆ, ಬೂದಿಲಿ ಹೊರಳ್ತವೆ. ರುಚಿ ಬರೋದು ತಳಿಯಿಂದ, ವಯಸ್ಸಿಂದ, ಮೇವಿಂದ, ಓಡಾಟದಿಂದ. ಪಕ್ಕದವರ ಸೊಪ್ಪಿನ ಮಡಿ ಕೆರೆದ್ರೆ ಮಾತ್ರ ರುಚಿ ಬರ್ತದೆ ಅಂತ ಎಲ್ಲೂ ಇಲ್ಲ. ಕಣದಲ್ಲಿ ಒಣಗೋ ರಾಗಿಗೆ ಕೋಳಿ ಬಂತು ಅಂತ ಶುರುವಾಗಿ, ಓರಗಿತ್ತಿಯರು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮೂರಲ್ಲೇ ಇವೆ.

ಮೂರು, 'ದುಡ್ಡೆಲ್ಲಿಂದ ತರೋದು?' ಇದು ನ್ಯಾಯವಾದ ಪ್ರಶ್ನೆ. ನನ್ನ ಲೆಕ್ಕ ಹೇಳ್ತೀನಿ. ಬೇಲಿ ಕಟ್ಟೋ ಹಿಂದಿನ ವರ್ಷ ನಂದು 7 ಕೋಳಿ, 31 ಮರಿ ಹೋದವು. ಕೋಳಿಗೆ 450 ಅಂದ್ರೂ 3,150 ರೂಪಾಯಿ. 31 ಮರೀಲಿ ಹತ್ತು ಬೆಳೆದಿದ್ರೂ 4,500. ಒಟ್ಟು 7,650. ಬೇಲಿಗೆ ಆಗಿದ್ದು 8,500: ವೆಲ್ಡ್ ಮೆಶ್ 3,900, ಕೋಳಿ ಮೆಶ್ 1,700, ಮೇಲಿನ ಬಲೆ 1,400, ಗೇಟು ತಂತಿ ಕೀಲು ಚಿಲಕ 1,500. ಕಲ್ಲು ಕಂಬ ಹಳೇ ಬೇಲೀದು, ಕೂಲಿ ನಂದು ಮತ್ತು ಮಗಂದು. ಕಂಬ ಇಲ್ಲದವರು ಗೊಬ್ಬರದ ಗಿಡದ ಗೂಟ ನೆಡಿ, ಚಿಗುರಿ ಕಂಬಾನೂ ಆಗ್ತದೆ, ಆಡಿಗೆ ಸೊಪ್ಪೂ ಆಗ್ತದೆ.

ಇನ್ನು ಕಟ್ಟೋ ವಿಚಾರ. ಮೊದಲ ಸಲ ನಾನೂ ದಡ್ಡತನ ಮಾಡಿದೆ. ಸುತ್ತ ಬರೀ ಕೋಳಿ ಮೆಶ್ ಎಳೆದು, ಮಣ್ಣಿಗೆ ಮುಟ್ಟಿಸಿ ಬಿಟ್ಟೆ. ಹದಿನೈದೇ ದಿವಸಕ್ಕೆ ಬೀದಿ ನಾಯಿ ಕೆಳಗೆ ಕೆರೆದು ನುಗ್ಗಿ ಮೂರು ಕೋಳಿ ಮುಗಿಸಿತು. ಆಗ ಅರ್ಥ ಆಗಿದ್ದು: ಆರು ಮೂಲೆಯ ಆ ತೆಳು ಮೆಶ್ ಕೋಳೀನ ಒಳಗೆ ಇಡ್ತದೆ ಅಷ್ಟೇ, ನಾಯೀನ ಹೊರಗೆ ಇಡಲ್ಲ.

ಈಗ ಹೀಗೆ ಮಾಡಿದ್ದೀನಿ. ಕೆಳಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, 3 ಅಡಿ ಅಗಲದ್ದು. ಅದರಲ್ಲಿ 2 ಅಡಿ ನೆಟ್ಟಗೆ ಮೇಲಕ್ಕೆ, ಉಳಿದ 1 ಅಡಿ ಹೊರಗಡೆಗೆ ನೆಲದ ಮೇಲೆ ಮಡಚಿ ಮಲಗಿಸಿ, ಮೇಲೆ ಮಣ್ಣು, ಕಲ್ಲು ಹೇರಿದ್ದೀನಿ. ಕೆರೆಯೋ ಪ್ರಾಣಿ ಬೇಲಿ ಬುಡಕ್ಕೇ ಬಂದು ಕೆರೀತದೆ. ಉಗುರಿಗೆ ತಂತಿ ಸಿಕ್ತದೆ. ಒಂದಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡೋ ಬುದ್ಧಿ ಸಾಮಾನ್ಯವಾಗಿ ಅದಕ್ಕೆ ಬರಲ್ಲ. ಹೆಗ್ಗಣದ ಕಾಟ ಇರೋರು ಅದೇ ಮೆಶ್ ಒಂದಡಿ ಆಳಕ್ಕೂ ಹೂಳಬಹುದು. ವೆಲ್ಡ್ ಮೆಶ್ ಮೇಲೆ 4 ಅಡಿ ಹಳೇ ಕೋಳಿ ಮೆಶ್. ಒಟ್ಟು 6 ಅಡಿ ಎತ್ತರ, ನಾವು ಬಗ್ಗದೆ ಒಳಗೆ ಹೋಗಿ ಬರಬೇಕಲ್ಲ.

ಮೇಲೆ ಬಲೆ ಹಾಕದಿದ್ರೆ ಅರ್ಧ ಕೆಲಸ ಅಷ್ಟೇ. ದೊಡ್ಡ ಕೋಳಿಗೆ ನಾಯಿ ಭಯ, ಮರಿಗೆ ಹದ್ದು ಮತ್ತು ಕಾಗೆ ಭಯ. ನೈಲಾನ್ ಬಲೆ ಎಳೆದು, ಕೆಳಗೆ ತಂತಿ ಆಸರೆ ಕೊಡಿ. ತೆಂಗಿನ ಮರದ ಕೆಳಗೆ ಮಾತ್ರ ಕಟ್ಟಬೇಡಿ, ಒಂದು ಗರಿ ಬಿದ್ರೆ ಬಲೆ ಹರೀತದೆ. ನಂದು ಹಾಗೇ ಒಂದು ಮೂಲೆ ಹರಿದು, ಹೊಲಿಯೋದು ಎರಡು ದಿವಸ ತಡ ಆಗಿ, ಕಾಗೆ ಒಂದು ಮರಿ ಎತ್ಕೊಂಡು ಹೋಯ್ತು. ಈ ಬೇಲಿ ಆದ ಮೇಲೆ ಕಳ್ಕೊಂಡಿದ್ದು ಅದೊಂದೇ.

ಗೇಟಿನ ಕೆಳಗಿನ ಸಂದಿ ನೋಡ್ಕೊಳ್ಳಿ. ಸುತ್ತ ಕೋಟೆ ಕಟ್ಟಿ ಬಾಗಿಲ ಕೆಳಗೆ ಮೂರು ಇಂಚು ಬಿಟ್ರೆ ಮುಂಗುಸಿಗೆ ಅದೇ ರಾಜಬೀದಿ. ಒಂದು ಹೊಸಿಲು ಕಲ್ಲು ಇಡಿ.

ಇನ್ನೊಂದು ಮರೀಬೇಡಿ. ಬೇಲಿ ಹಗಲಿಗೆ, ಗೂಡು ರಾತ್ರಿಗೆ. ರಾತ್ರಿ ಬರೋ ಕಾಡುಬೆಕ್ಕು, ಪುನುಗು ಬೆಕ್ಕು ಹತ್ತಬಲ್ಲವು. ನೆಲದಿಂದ ಎರಡಡಿ ಮೇಲೆ ಗೂಡು, ಒಳಗೆ ಕೂರೋಕೆ ಕೋಲು, ಕತ್ತಲಾಗೋ ಮುಂಚೆ ಚಿಲಕ. ಇದಕ್ಕೆ ರಜೆ ಇಲ್ಲ.

ಜಾಗಾನ ಮಧ್ಯಕ್ಕೆ ಹಳೇ ಬಲೆ ಕಟ್ಟಿ ಎರಡು ಮಾಡಿದ್ದೀನಿ. ಮೂರು ವಾರ ಈ ಕಡೆ, ಮೂರು ವಾರ ಆ ಕಡೆ. ಒಂದೇ ಕಡೆ ಬಿಟ್ರೆ ನೆಲ ಬೋಳಾಗಿ, ಮಳೇಲಿ ಕೆಸರಾಗಿ, ಮರಿಗೆ ರಕ್ತಭೇದಿ ಶುರು ಆಗ್ತದೆ. ನೀರು ನಿಲ್ಲದ ಎತ್ತರದ ಜಾಗ ಆರಿಸ್ಕೊಳ್ಳಿ. ಬಿಡುವಾದ ಕಡೆ ಹರಿವೆ, ದಂಟು ಎರಚಿದ್ರೆ ಹಿಕ್ಕೆ ಗೊಬ್ಬರಕ್ಕೆ ಹುಲುಸಾಗಿ ಬರ್ತದೆ, ಮನೆಗಿಷ್ಟು ಕೋಳಿಗಿಷ್ಟು.

ಬೇಲಿಯ ದೊಡ್ಡ ಲಾಭ ಯಾರೂ ಹೇಳಲ್ಲ. ಕೊಕ್ಕರೆ ರೋಗ ಬಂದಾಗ ಊರಿಗೆ ಊರೇ ಖಾಲಿ ಆಗೋದು ನೋಡಿದ್ದೀರಿ. ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೇ ವಾರದ ಸುಮಾರಿಗೆ ಚುಚ್ಚುಮದ್ದು. ಆದ್ರೆ ಮರದ ಮೇಲೆ ಮಲಗೋ ಕೋಳೀನ ಹಿಡಿಯೋದು ಹೇಗೆ? ಬೇಲಿ ಒಳಗಿದ್ರೆ ಹತ್ತು ನಿಮಿಷದ ಕೆಲಸ. ಬೆರೆಸಿದ ಲಸಿಕೆ ಇಟ್ರೆ ಕೆಡ್ತದೆ, ನೂರು ಕೋಳಿಗಾಗೋ ಬಾಟಲಿ ಒಬ್ಬರಿಗೆ ಹೆಚ್ಚಾಗ್ತದೆ. ಐದಾರು ಮನೆಯವರು ಒಂದೇ ದಿವಸ ಹಾಕಿಸಿದ್ರೆ ಎಲ್ಲರಿಗೂ ಹಗುರ. ಪಶು ಆಸ್ಪತ್ರೇಲಿ ಕೇಳಿ.

ಬೇಲಿ ಹಾಕಿದ್ರೆ ಎಲ್ಲಾ ಮುಗೀತು ಅಂತ ನಾನು ಹೇಳಲ್ಲ. ಮೇವು ಸ್ವಲ್ಪ ಜಾಸ್ತಿ ಹಾಕಬೇಕು, ನೀರು ದಿನಾ ಬದಲಾಯಿಸಬೇಕು. ಬೇಸಿಗೇಲಿ ನೆರಳು ಬೇಕು, ನಾನು ಎರಡು ನುಗ್ಗೆ ಹಾಕಿದ್ದೀನಿ. ಸಾಕೋದು ಅಂದ್ರೆ ಇದೇ ಅಲ್ವಾ? ಹಸೂನ ಹೀಗೆ ಬೀದಿಗೆ ಬಿಟ್ಟು ಚಿರತೆ ಬಂತು ಅಂತ ಅಳ್ತೀವಾ?

ಬರೋ ಭಾನುವಾರ ಪಕ್ಕದ ತೋಟದವನ ಹಿತ್ತಲಲ್ಲಿ ಗುಂಡಿ ತೆಗೀತಾ ಇದ್ದೀವಿ, ಅವನೂ ನಾನೂ. ಕಂಬ ನಂದು ನಾಲ್ಕು ಮಿಕ್ಕಿವೆ, ಕೊಟ್ಟಿದ್ದೀನಿ. ಕರಿಯ ವಾಪಸ್ ಬರಲ್ಲ. ನೋಡೋಕೆ ಬರೋರು ಬೆಳಿಗ್ಗೆ ಎಂಟಕ್ಕೆ ಬನ್ನಿ, ಬರುವಾಗ ಒಂದು ಹಾರೆ ತನ್ನಿ.

ಮತ್ತೆ, ನನ್ನ ಮಾತು ಕೇಳಿ ಬೇರೆ ಯಾರಾದ್ರೂ ಬದುವಿನ ಮೇಲೆ ಮೊಟ್ಟೆ ಇಟ್ಟಿದ್ರೆ, ಇವತ್ತು ರಾತ್ರಿಯೇ ಎತ್ತಿ. ಬರಿಗೈಲಿ ಮುಟ್ಟಬೇಡಿ. ನಾಲೆಗೆ ಎಸೀಬೇಡಿ, ಬಾವಿಯಿಂದ ದೂರ ಆಳವಾಗಿ ಗುಂಡಿ ತೆಗೆದು ಹೂಳಿ. ನಾಳೆ ಬೆಳಿಗ್ಗೆ ಆ ಬದುವಿನ ಮೇಲೆ ಯಾರ ಮನೆ ಮಗು ನಡ್ಕೊಂಡು ಬರ್ತದೋ.