ಒಪ್ಪಿಸುವುದು, ಒಪ್ಪುವುದು

ತರೀಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ಮಾತನ್ನು ಹೇಳಲು ಹೋಗಿ ನಾಲಗೆ ತೊಡರಿಸಿಕೊಳ್ಳದ ಕನ್ನಡದ ಮಗು ಅಪರೂಪ. ತರೀಕೆರೆ ಯಾವ ದಿಕ್ಕಿನಲ್ಲಿದೆಯೆಂದು ತಿಳಿಯದವರಿಗೂ ಆ ಮಾತು ಬರುತ್ತದೆ. ಅದಕ್ಕೆ ತರಗತಿಯಿಲ್ಲ, ಪರೀಕ್ಷೆಯಿಲ್ಲ, ಪ್ರಶಸ್ತಿಪತ್ರವಿಲ್ಲ. ಅಜ್ಜಿ ಮೊಮ್ಮಗಳಿಗೆ ಹೇಳಿದಳು, ಅಕ್ಕ ತಮ್ಮನನ್ನು ಕೆಣಕಿದಳು; ಅಷ್ಟರಿಂದಲೇ ಅದು ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿದೆ. ಆಟದ ಮಾತೊಂದು ಇಷ್ಟು ಹಗುರವಾಗಿ ಸಾಗಿಬರುವಾಗ, ಹಿರಿಯರು ಪ್ರಾಣಕ್ಕಿಂತ ಮಿಗಿಲೆಂದು ಕಾಪಾಡಿಕೊಂಡು ಬಂದ ಧರ್ಮಶ್ರದ್ಧೆ ಮಾತ್ರ ಏಕೆ ನಡುದಾರಿಯಲ್ಲಿ ನಿಂತುಬಿಡುತ್ತದೆ? ಗುಡಿಯ ಅರ್ಚಕರು, ಮಠದ ಸ್ವಾಮಿಗಳು, ಬಸದಿಯ ಶ್ರಾವಕರು, ಇಗರ್ಜಿಯ ಸಭಾಪಾಲಕರು — ಎಲ್ಲರ ಬಾಯಲ್ಲೂ ಇಂದು ಇದೊಂದೇ ಕೊರಗು: "ಹುಡುಗರು ಬರುವುದಿಲ್ಲ."

ಈ ಕೊರಗನ್ನು ಕುರಿತು ಯೋಚಿಸುವುದಕ್ಕೆ ನಾನು ನಮ್ಮ ಸೀಮೆಯಿಂದ ಘಟ್ಟವಿಳಿದು ಮಂಗಳೂರಿನವರೆಗೆ ಹೋಗಬೇಕಾಗಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ನಮ್ಮ ವಿದ್ಯಾರ್ಥಿಗಳಿಗೆ ಲೂಥರನು ಯೂರೋಪಿನ ಚರಿತ್ರೆಯ ಒಂದು ಅಧ್ಯಾಯ. ಬಾಸೆಲ್ ಮಿಷನ್ ಎಂದರೆ 1843ರ 'ಮಂಗಳೂರ ಸಮಾಚಾರ' ಮತ್ತು 1894ರ ಕಿಟ್ಟೆಲರ ನಿಘಂಟು. ಸಾಹಿತ್ಯ ಚರಿತ್ರೆಯಲ್ಲಿ ನಾವು ಈ ಎರಡನ್ನೂ ಪಾಠ ಹೇಳಿ ಮುಂದಕ್ಕೆ ಹೋಗುತ್ತೇವೆ. ಆ ಪತ್ರಿಕೆಯನ್ನು ಹೊರಡಿಸಿದವರು, ಆ ನಿಘಂಟನ್ನು ಕಟ್ಟಿದವರು, ಯಾವ ಕೆಲಸಕ್ಕೆಂದು ಸಮುದ್ರ ದಾಟಿ ಬಂದರೋ ಆ ಕೆಲಸ ಏನಾಯಿತು, ಅವರ ಸಭೆಗಳ ಮನೆಗಳಲ್ಲಿ ಮಕ್ಕಳು ಏನು ಕಲಿತರು ಎಂದು ಕೇಳುವುದಿಲ್ಲ. ಆದರೆ ಶ್ರದ್ಧೆಯನ್ನು ಮುಂದಿನವರಿಗೆ ಮುಟ್ಟಿಸುವ ಕಷ್ಟವನ್ನು ಅವರಷ್ಟು ಬರಹದಲ್ಲಿ, ಅವರಷ್ಟು ವ್ಯವಸ್ಥೆಯಿಂದ ಎದುರಿಸಿದವರು ಕನ್ನಡನಾಡಿನಲ್ಲಿ ಕಡಮೆ.

ಮೂಲದಿಂದಲೇ ತೊಡಗೋಣ. 1528ರ ಸುಮಾರಿಗೆ ಲೂಥರನು ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬಂದ. ಜನರಿಗೆ ಹತ್ತು ಆಜ್ಞೆಗಳಾಗಲಿ, ಯೇಸು ಕಲಿಸಿದ ಪ್ರಾರ್ಥನೆಯಾಗಲಿ ಬಾರದಿರುವುದನ್ನು ಕಂಡು ಆತನಿಗೆ ದಿಗಿಲಾಯಿತು. ಮರುವರ್ಷ, 1529ರಲ್ಲಿ, ಎರಡು ಪ್ರಶ್ನೋತ್ತರ ಗ್ರಂಥಗಳನ್ನು ಬರೆದ. ಒಂದು ದೊಡ್ಡದು, ಒಂದು ಕಿರಿದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕಿರಿಯ ಪುಸ್ತಕದ ಭಾಗಗಳ ನೆತ್ತಿಯಲ್ಲಿ ಆತ ನೆನಪಿಸುವುದು ಪಾದ್ರಿಯ ಕರ್ತವ್ಯವನ್ನಲ್ಲ, ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕಾದ ಬಗೆಯನ್ನು. ಪ್ರತಿಯೊಂದು ಆಜ್ಞೆಯ ಕೆಳಗೂ ಒಂದು ಪುಟ್ಟ ಪ್ರಶ್ನೆ ನಿಂತಿದೆ — ಹೀಗೆಂದರೇನು ಎಂದು. ಊಟದ ಹೊತ್ತಿನಲ್ಲಿ ಮಗು ತಂದೆಯನ್ನು ಕೇಳಬಹುದಾದ ಪ್ರಶ್ನೆ ಅದು. ಉತ್ತರವೂ ಮೂರು ನಾಲ್ಕು ಸಾಲಿಗಿಂತ ಸಾಮಾನ್ಯವಾಗಿ ಉದ್ದವಿಲ್ಲ. ದೊಡ್ಡ ಪುಸ್ತಕದ ಮುನ್ನುಡಿಯಲ್ಲಿ, ವಿದ್ವಾಂಸನಾದ ತಾನೂ ಇದನ್ನು ಮಗುವಿನಂತೆ ದಿನದಿನವೂ ಕಲಿಯುತ್ತಿದ್ದೇನೆ ಎಂಬರ್ಥದ ಮಾತನ್ನು ಆತ ಆಡಿದ್ದಾನೆ. ಕಲಿಸುವವನೂ ಕಲಿಯುವವನೇ ಎಂಬುದು ಲೂಥರನ ಬೋಧನಕ್ರಮದ ತಿರುಳೆಂದು ನನ್ನ ತಿಳಿವಳಿಕೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಜಾಣತನ ತೋರಿಸಿದೆ. 'ಒಪ್ಪಿಸು' ಎಂದರೆ ಒಬ್ಬರ ವಶಕ್ಕೆ ಕೊಡುವುದು. ಹಿರಿಯರು ಮನೆಯ ಬೀಗದ ಕೈಯನ್ನು ಮಗನಿಗೆ ಒಪ್ಪಿಸುತ್ತಾರೆ. 'ಒಪ್ಪಿಸು' ಎಂದರೆ ಕಲಿತದ್ದನ್ನು ಬಾಯಿಪಾಠವಾಗಿ ಹೇಳುವುದೂ ಹೌದು. ಹುಡುಗ ಮೇಷ್ಟರ ಮುಂದೆ ಮಗ್ಗಿ ಒಪ್ಪಿಸುತ್ತಾನೆ. ಹಿರಿಯರ ಕೆಲಸಕ್ಕೂ ಕಿರಿಯರ ಕೆಲಸಕ್ಕೂ ಒಂದೇ ಕ್ರಿಯಾಪದ. ಇವೆರಡರ ಬುಡದಲ್ಲಿರುವ 'ಒಪ್ಪು' ಮಾತ್ರ ಬೇರೆ. ಅದನ್ನು ಯಾರೂ ಯಾರ ಪರವಾಗಿಯೂ ಮಾಡಲಾರರು. ಲೂಥರನ ಸಂಪ್ರದಾಯದಲ್ಲಿ ಶಿಶುವಾಗಿ ದೀಕ್ಷಾಸ್ನಾನ ಪಡೆದ ಮಗು ಬೆಳೆದ ಮೇಲೆ ಸಭೆಯ ಮುಂದೆ ನಿಂತು ತನ್ನ ಬಾಯಿಂದಲೇ ನಂಬಿಕೆಯನ್ನು ಅರಿಕೆಮಾಡುವ ದೃಢೀಕರಣವೆಂಬ ವಿಧಿಯೊಂದಿದೆ. ಒಪ್ಪಿಸುವುದು ಮುಗಿದು ಒಪ್ಪುವುದು ತೊಡಗಬೇಕಾದ ಗಳಿಗೆ ಅದು. ಎಷ್ಟೋ ಕಡೆ ಆ ಗಳಿಗೆಯಲ್ಲಿಯೂ ಒಪ್ಪಿಸುವುದೇ ನಡೆಯುತ್ತದೆ. ಹೊಸ ಬಟ್ಟೆ, ಛಾಯಾಚಿತ್ರ, ಊಟ ಮುಗಿದರೆ ಹುಡುಗನಿಗೂ ಸಭೆಗೂ ಲೆಕ್ಕ ಚುಕ್ತಾ. ನಮ್ಮಲ್ಲಿ ಛತ್ರ ಹಿಡಿದು ಮಾಡುವ ಸಾಮೂಹಿಕ ಉಪನಯನಗಳೂ ಇದಕ್ಕಿಂತ ಹೆಚ್ಚೇನೂ ಅಲ್ಲ.

1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಶುದ್ಧ ಲೂಥರನ್ ಸಂಸ್ಥೆಯಲ್ಲ. ಬಾಸೆಲ್ ನಗರದ್ದು ರಿಫಾರ್ಮ್ಡ್ ಪಂಥ. ಆದರೆ ಅದರ ಮಿಷನರಿಗಳಲ್ಲಿ ಹೆಚ್ಚಿನವರು ಲೂಥರನ ಅನುಯಾಯಿಗಳ ನಾಡಾದ ವ್ಯೂರ್ಟೆಂಬರ್ಗಿನಿಂದ ಬಂದವರು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಎರಡು ವರ್ಷದ ಮೇಲೆ ಮೋಗ್ಲಿಂಗ್ ಬಂದ. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದರು. ಮನೆ, ಗೇಣಿ, ಕಸುಬು ಕಳೆದುಕೊಂಡರು. ಅವರಿಗೆ ಅನ್ನ ಕಾಣಿಸುವ ಹೊಣೆ ಮಿಷನ್ನಿನ ಹೆಗಲೇರಿತು. 1841ರಲ್ಲಿ ಅಚ್ಚುಕೂಟ, ಆಮೇಲೆ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. ಹುಡುಗ ಮಿಷನ್ನಿನ ಶಾಲೆಯಲ್ಲಿ ಓದಿ, ಮಿಷನ್ನಿನ ವಸತಿಯಲ್ಲಿ ಉಂಡು, ಮಿಷನ್ನಿನ ಕಾರ್ಖಾನೆಯಲ್ಲಿ ದುಡಿದು, ಮಿಷನ್ನಿನ ಜಾಗದಲ್ಲಿ ಮನೆಮಾಡಬಹುದಾಗಿತ್ತು. ಇದು ದೊಡ್ಡ ಉಪಕಾರ; ಅಲ್ಲವೆನ್ನುವವನು ಕೃತಘ್ನ. ಆದರೂ ಒಂದು ಮಾತು ಹೇಳಲೇಬೇಕು. ಲೂಥರನು ಮನೆಯ ಯಜಮಾನನ ಕೈಗೆ ಕೊಟ್ಟಿದ್ದ ಪುಸ್ತಕ ಇಲ್ಲಿ ಬಹುಪಾಲು ಶಾಲೆಯ ಮೇಷ್ಟರ ಕೈಗೆ ಹೋಯಿತು. ಬೇರೆ ದಾರಿಯೂ ಇರಲಿಲ್ಲವೆನ್ನಿ. ತಂದೆಗೇ ಹೊಸದಾದ ಧರ್ಮವನ್ನು ತಂದೆ ಮಗನಿಗೆ ಕಲಿಸುವುದು ಹೇಗೆ?

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಸರ್ಕಾರ ಸೆರೆಯಲ್ಲಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ತಲೆಯ ಮೇಲಿದ್ದ ಚಪ್ಪರ ಹಾರಿಹೋಯಿತು. ಹಾಗಿದ್ದರೂ ಸಭೆಗಳು ಚದರಿಹೋಗಲಿಲ್ಲ. ಅಷ್ಟರಲ್ಲಿ ಅಜ್ಜಿಯರು ಹುಟ್ಟಿಕೊಂಡಿದ್ದರೆಂದು ನನ್ನ ಊಹೆ — ಎಂದರೆ, ಈ ಪ್ರಾರ್ಥನೆಗಳನ್ನು ಹುಟ್ಟಿನಿಂದ ಕೇಳಿ ಬೆಳೆದು ಮೊಮ್ಮಕ್ಕಳಿಗೆ ಹೇಳಿಕೊಡಬಲ್ಲ ಮುದುಕಿಯರು. ಒಂದು ಧರ್ಮ ಒಂದು ನೆಲದಲ್ಲಿ ಬೇರುಬಿಟ್ಟಿತೆಂದು ಹೇಳಬೇಕಾದರೆ ಅದರಲ್ಲಿ ಅಜ್ಜಿಯರಿರಬೇಕು. ಬಿಷಪ್ಪರು, ಜಗದ್ಗುರುಗಳು ಆಮೇಲಿನ ಮಾತು.

ಇಲ್ಲಿ ಇನ್ನೊಂದು ತೊಡಕಿದೆ. ಹಿರಿಯರು ಇದನ್ನು ಮರೆಯಲು ಇಷ್ಟಪಡುತ್ತಾರೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಮಂಗಳೂರಿನಲ್ಲಿ ಕ್ರೈಸ್ತನಾದ. ಇನ್ನೂ ಇಪ್ಪತ್ತರ ಆಚೀಚಿನ ವಯಸ್ಸು. ಆಮೇಲೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಅವನ ಮನೆಯ ಕಡೆಯಿಂದ ನೋಡಿ: ಹಿರಿಯರು ಒಪ್ಪಿಸಿದ್ದನ್ನು ಒಲ್ಲೆನೆಂದ ಹುಡುಗ. ಸಭೆಯ ಕಡೆಯಿಂದ ನೋಡಿ: ನಂಬಿಕೆಯ ಧೀರ. ಬಸವಣ್ಣನವರ ಕಥೆಯೂ ಹೀಗೆಯೇ ತಾನೆ? ತಂದೆ ಇಟ್ಟ ಉಪನಯನವನ್ನು ನಿರಾಕರಿಸಿ ಮನೆ ಬಿಟ್ಟರೆಂದು ಸಂಪ್ರದಾಯ ಹೇಳುತ್ತದೆ. ಆ ನಿರಾಕರಣೆಯನ್ನು ಕೊಂಡಾಡುವ ಮನೆಗಳಲ್ಲಿಯೇ ಮಗನು ಲಿಂಗಪೂಜೆ ಮಾಡಲೊಲ್ಲೆನೆಂದರೆ ಆ ದಿನ ಒಲೆ ಹೊತ್ತುವುದಿಲ್ಲ. ಒಲ್ಲೆನೆಂಬ ಮಾತಿನಿಂದ ಹುಟ್ಟಿದ ಪಂಥಗಳು ಮೂರನೆಯ ತಲೆಮಾರಿಗೆ ಆ ಮಾತನ್ನೇ ಹೆದರುತ್ತವೆ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಕಸುಬಿನವನಿಗೆ ಅದನ್ನು ಬಿಟ್ಟು ಹೋಗಲಾಗದು. ಬಾಸೆಲ್ ಮಿಷನ್ನಿನ ಸಭೆಗಳು ಇಂದು ದಕ್ಷಿಣ ಭಾರತ ಸಭೆಯೊಳಗಿವೆ. 1947ರಲ್ಲಿ ರೂಪುಗೊಂಡ ಈ ಸಭೆಯಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಕೆಲಸಮಾಡಿದ ವೆಸ್ಲಿಯನರ ಸಂತತಿಯೂ ಉಂಟು. ನಗರಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ. ಕನ್ನಡದ ಸಂಗೀತ ಪುಸ್ತಕವನ್ನು ಬಿಡಿಸಿ ಓದಲು ಅನೇಕರು ತಡವರಿಸುತ್ತಾರೆ. ಆದ್ದರಿಂದ ಆರಾಧನೆಯನ್ನೂ ಇಂಗ್ಲಿಷಿಗೆ ತಿರುಗಿಸಿರಿ ಎಂಬ ವಾದವಿದೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಲ್ಯಾಟಿನನ್ನು ಬಿಟ್ಟು ಜನರ ಜರ್ಮನ್ನಿನಲ್ಲಿ ಸತ್ಯವೇದವನ್ನು ಕೊಟ್ಟ ಲೂಥರನೇ ಆ ವಾದದ ಸಾಕ್ಷಿಯಾಗಿ ನಿಲ್ಲುತ್ತಾನೆ. ಮಂಗಳೂರಿನ ಮಿಷನರಿಗಳು ಕನ್ನಡವೊಂದೇ ಸಾಲದೆಂದು 1847ರಲ್ಲಿ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚುಮಾಡಿದರು. ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ದೇಸಿ ಛಂದಸ್ಸಿಗೆ ಇಳಿಸಿದರು. ಮಗುವಿನ ಭಾಷೆ ಇಂದು ಇಂಗ್ಲಿಷಾದರೆ ಇಂಗ್ಲಿಷೇ ಏಕಾಗಬಾರದು?

ನನ್ನ ಉತ್ತರ ಇಷ್ಟೆ. ಲೂಥರನು ಹುಡುಕಿದ್ದು ಮಗುವಿನ ಒಂಟಿ ಭಾಷೆಯನ್ನಲ್ಲ. ಮನೆಯ ಯಜಮಾನನೂ ಆಳೂ ಅಡುಗೆಯವಳೂ ಮಗುವೂ ಒಂದೇ ಮೇಜಿನ ಸುತ್ತ ಆಡುವ ಭಾಷೆಯನ್ನು. ಅಜ್ಜಿಗೆ ತಿಳಿಯದ ಮಾತಿನಲ್ಲಿ ಮೊಮ್ಮಗಳು ಪ್ರಾರ್ಥನೆ ಒಪ್ಪಿಸಿದರೆ, ಆ ಪ್ರಾರ್ಥನೆ ಎಷ್ಟೇ ನಿರರ್ಗಳವಾಗಿರಲಿ, ಇಬ್ಬರ ನಡುವಿನ ಬಾಗಿಲು ಮುಚ್ಚಿತು. ಮೊಮ್ಮಗಳು ಅರ್ಥ ಕೇಳಲು ಅಜ್ಜಿಯ ಬಳಿಗೆ ಹೋಗುವುದಿಲ್ಲ. ಅಜ್ಜಿ ತಪ್ಪು ತಿದ್ದಲು ಬರುವುದಿಲ್ಲ. ಮನೆಯಲ್ಲಿ ಎಲ್ಲರೂ ಇಂಗ್ಲಿಷನ್ನೇ ಆಡುವ ಸಂಸಾರಗಳೂ ಇವೆ. ಅವರ ಮಾತು ಬೇರೆ. ಉಳಿದವರ ಮನೆಗಳಲ್ಲಿ ಕನ್ನಡವನ್ನೋ ತುಳುವನ್ನೋ ಬಿಟ್ಟುಕೊಟ್ಟು ಮಕ್ಕಳನ್ನು ಉಳಿಸಿಕೊಳ್ಳುತ್ತೇವೆಂಬುದು, ಬೀಜವನ್ನು ಮಾರಿ ಗೊಬ್ಬರ ಕೊಂಡ ಒಕ್ಕಲಿಗನ ಲೆಕ್ಕ.

ಇದು ಕ್ರೈಸ್ತರೊಬ್ಬರ ಸಂಕಟವೆಂದು ಯಾರೂ ಭಾವಿಸಬೇಕಾಗಿಲ್ಲ. ತರೀಕೆರೆಯ ಬಳಿ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿಯಿದೆ. ಅಲ್ಲಿಯ ಶಾಸನದಲ್ಲಿ ಜನ್ನನ ಪದ್ಯಗಳಿವೆಯೆಂದು ನಾವು ಹೆಮ್ಮೆಪಡುತ್ತೇವೆ. ಮಂಟಪದ ದಕ್ಷಿಣದ ಗೋಡೆಯಲ್ಲಿ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ 25 ಫಲಕಗಳಲ್ಲಿ ಕೃಷ್ಣನ ಕಥೆ, 45ರಲ್ಲಿ ಭಾರತ. ಅಕ್ಷರ ಬಾರದವರಿಗೆಂದು ಕಲ್ಲಿನಲ್ಲಿ ಕಡೆದ ಪ್ರಶ್ನೋತ್ತರ ಗ್ರಂಥವೇ ಅದು. ರಾಮಾಯಣದ ಕಥೆ ಅಲ್ಲಿ ಪ್ರದಕ್ಷಿಣೆಗೆ ಎದುರಾಗಿ ಸಾಗುತ್ತದೆ. ಕಥೆ ತಿಳಿದ ಅಜ್ಜನೊಬ್ಬ ಜೊತೆಗಿದ್ದು ಬೆರಳಿಟ್ಟು ತೋರಿಸದಿದ್ದರೆ ಮಗು ಎಲ್ಲಿಂದ ಓದಲು ತೊಡಗಬೇಕೆಂಬುದೇ ತಿಳಿಯದು. ಇಂದು ಶಾಲೆಯ ಪ್ರವಾಸದ ಮಕ್ಕಳು ಫಲಕಗಳಿಗೆ ಬೆನ್ನುಮಾಡಿ ನಿಂತು ಚಿತ್ರ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ.

ಆದರೆ ಬೀರೂರಿನಲ್ಲಿ ಬೇರೊಂದು ಬಗೆ ಕಾಣುತ್ತದೆ. ದಸರೆಯ ಕಾಲದಲ್ಲಿ ಅಲ್ಲಿಯ ಮಹಾನವಮಿ ಬಯಲಿನಲ್ಲಿ ಮೈಲಾರಲಿಂಗನ ಕಾರಣಿಕ ನಡೆಯುತ್ತದೆ. ನುಡಿ ಒಂದೆರಡು ಸಾಲು, ಒಗಟಿನಂತೆ. ಅರ್ಥವನ್ನು ಯಾರೂ ಬರೆದುಕೊಡುವುದಿಲ್ಲ. ಮಳೆಯ ಮಾತೋ, ಬೆಳೆಯ ಮಾತೋ, ದೊರೆತನದ ಮಾತೋ ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ಹಿರಿಯರು ವಾದಿಸುತ್ತಾರೆ. ಹೆಗಲ ಮೇಲಿನ ಮಗು ಕೇಳಿಸಿಕೊಳ್ಳುತ್ತದೆ. ಕಾರಣಿಕ ನಿಜವಾಗುತ್ತದೆಯೇ ಎಂಬ ಚರ್ಚೆ ನನಗೆ ಬೇಡ. ಹಿರಿಯರು ತಮಗೇ ತಿಳಿಯದ್ದನ್ನು ಮಕ್ಕಳ ಎದುರಿನಲ್ಲಿ ವಿಚಾರಿಸುವ ಸಂದರ್ಭಗಳು ನಮ್ಮಲ್ಲಿ ಎಷ್ಟಿವೆ?

ಒಪ್ಪಿಸುವುದನ್ನೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಅಜ್ಜಂಪುರದವರೇ ಬಿಡುವುದಿಲ್ಲ. ಅಜ್ಜಂಪುರದ ಸೀತಾರಾಂ — ಕನ್ನಡಕ್ಕೆ 'ಆನಂದ' — 1902ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. ಅವರ 'ನಾನು ಕೊಂದ ಹುಡುಗಿ'ಯನ್ನು ತರಗತಿಯಲ್ಲಿ ಓದಿದಾಗಲೆಲ್ಲ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಾರೆ. ದೇವರ ಹೆಸರಿನಲ್ಲಿ ಬಸವಿಯಾಗಿ ಬಿಟ್ಟ ಹುಡುಗಿ. ಅವಳಿಗೆ ತಂದೆತಾಯಿಗಳು ಒಪ್ಪಿಸಿದ್ದು ಅದೇ ನಂಬಿಕೆ. ಊರಿಗೆ ಬಂದ ಓದಿದ ಅತಿಥಿ, ಒಂದೇ ಇರುಳಿನಲ್ಲಿ, ಅದು ಪಾಪವೆಂದು ಅವಳಿಗೆ ಮನಗಾಣಿಸುತ್ತಾನೆ. ಅವನ ಮಾತು ಸತ್ಯ. ಆ ಸತ್ಯವನ್ನು ಹೊತ್ತುಕೊಂಡು ಬದುಕುವುದು ಹೇಗೆಂದು ಮಾತ್ರ ಹೇಳುವುದಿಲ್ಲ. ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಹಾಗೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ 1982ರ ಕಾನೂನಿನಿಂದ ನಿಷೇಧಿಸಿತು. ಕೊಂದವರು ಯಾರೆಂಬ ಪ್ರಶ್ನೆಗೆ ಕಥೆಯ ಹೆಸರು ಒಂದು ಉತ್ತರ ಕೊಡುತ್ತದೆ. ನನ್ನ ವಿದ್ಯಾರ್ಥಿಗಳು ಅದನ್ನು ಅರ್ಧ ಮಾತ್ರ ಒಪ್ಪುತ್ತಾರೆ. ಅರ್ಥ ಕೇಳುವುದಕ್ಕೆ ಎಡೆಯಿಲ್ಲದಂತೆ ಒಪ್ಪಿಸಿದ ಮನೆಯೂ ಕೈ ಹಾಕಿದೆ ಎನ್ನುತ್ತಾರೆ. ಅವರ ಮಾತು ಸರಿಯೆಂದೇ ನನಗೂ ತೋರುತ್ತದೆ.

ಆದುದರಿಂದ ಸಭೆಯವರಿಗಾಗಲಿ ಮಠದವರಿಗಾಗಲಿ, ಹೊರಗಿನವನಾದ ನಾನು ಸೂಚಿಸುವುದು ಸಣ್ಣದು. ಬಾಯಿಪಾಠವನ್ನು ಬಿಡಿಸಬೇಡಿರಿ, ಅರ್ಥವಾಗದೆ ಕಲಿತ ಸಾಲು ನಲವತ್ತರ ವಯಸ್ಸಿನಲ್ಲಿ, ಯಾವುದೋ ಆಸ್ಪತ್ರೆಯ ಜಗಲಿಯಲ್ಲಿ, ತಾನಾಗಿ ಅರ್ಥ ಬಿಟ್ಟುಕೊಡುವುದುಂಟು. ಆದರೆ ಭಾನುವಾರದ ಶಾಲೆಯಲ್ಲಿ ವರ್ಷಕ್ಕೆ ಕೆಲವು ದಿನಗಳಾದರೂ ವ್ಯವಸ್ಥೆಯನ್ನು ತಿರುವುಮುರುವು ಮಾಡಿರಿ. ದೃಢೀಕರಣಕ್ಕೆ ಸಿದ್ಧರಾಗುವ ಮಕ್ಕಳು ಉತ್ತರ ಒಪ್ಪಿಸುವ ಬದಲು ಪ್ರಶ್ನೆ ಕೇಳಲಿ. ತಂದೆತಾಯಿಗಳು, ಅಜ್ಜ ಅಜ್ಜಿಯರು ಬೆಂಚಿನ ಮೇಲೆ ಕುಳಿತು, ಮನೆಯ ಮಾತಿನಲ್ಲಿ, ಹೀಗೆಂದರೆ ಏನೆಂದು ಹೇಳಲಿ. ಉತ್ತರ ತೋಚದ ಹಿರಿಯರು ಒಂದು ವಾರದ ಗಡುವು ಕೇಳಿಕೊಳ್ಳಬಹುದು.